ನೀಲಗಿರಿ ತೋಪಿನ ಪಕ್ಕ ಅಮೆಜಾನ್

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಬಿಟ್ಟರೆ ಬೇರೇನೂ ಶೂಟ್ ಮಾಡಿದವನಲ್ಲ. ಹೋದ ವರ್ಷ ಆಷಾಢದಲ್ಲಿ ಕೆಲಸವಿಲ್ಲದೆ ಕೂತಾಗ 22 ನಿಮಿಷದ ಕಿರುಚಿತ್ರಕ್ಕೆ ಕೈ ಹಾಕಿದೆ. ಬ್ರೆಜಿಲ್ ಕಾಡಿನೊಳಗಿನ ಒಂದು ಚಿನ್ನದೂರಿನ ಕತೆ.

‘ಕೆಜಿಎಫ್‌ನಲ್ಲೇ ಇದ್ಕೊಂಡು ನಿಂಗ್ಯಾಕೋ ಬ್ರೆಜಿಲ್ಲು?’ ಅಂತ ಕೇಳದವರಿಲ್ಲ. ನಮ್ಮೂರಿನದು ಸೈರನ್ನಿನ ಚಿನ್ನ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ ಗೇಟು, ಪಾಳಿ, ಹಾಜರಿ, ತಪಾಸಣೆ. 1930ರಲ್ಲಿ ಬೆರಳಚ್ಚು ಕೊಡೋದಿಲ್ಲ ಅಂತ ಕೂಲಿಗಳು ಮುಷ್ಕರ ಹೂಡಿದ ಊರಿದು. ಅಷ್ಟು ಕಟ್ಟುಪಾಡಿನ ಕತೆ ಕೇಳಿ ಬೆಳೆದವನಿಗೆ, ಹೇಳೋರು ಕೇಳೋರು ಇಲ್ಲದ ಕಡೆ ಚಿನ್ನ ಸಿಕ್ಕರೆ ಜನ ಹೇಗೆ ಬದುಕುತ್ತಾರೆ ಅನ್ನೋದೇ ಕುತೂಹಲ.

ಮಾದರಿಗೆ ಸಿಕ್ಕಿದ್ದು ಪಾರಾ ರಾಜ್ಯದ ಸೆರ್ರಾ ಪೆಲಾಡಾ. 1980ರ ಹೊತ್ತಿಗೆ ಅಲ್ಲಿ ಗುಡ್ಡವನ್ನೇ ಕೈಯಲ್ಲಿ ಅಗೆದು ದೊಡ್ಡ ಹಳ್ಳ ಮಾಡಲು ಶುರು ಹಚ್ಚಿದರು. ಸುಮಾರು 2 ಮೀಟರ್‌ಗೆ 3 ಮೀಟರ್‌ನ ತುಂಡು ಜಾಗ, ಅದಕ್ಕೊಬ್ಬ ಒಡೆಯ, ಮಣ್ಣಿನ ಮೂಟೆ ಹೊತ್ತು ಏಣಿ ಹತ್ತುವ ಸಾವಿರಾರು ಜನ. ಆ ಏಣಿಗಳಿಗೆ ಅವರಿಟ್ಟ ಹೆಸರಿನ ಅರ್ಥ ‘ಹೋಗಿಬರ್ತೀನಿ ಅಮ್ಮಾ’. ಜಾರಿದರೆ ಮುಗಿಯಿತು. ಮಿಲಿಟರಿ ಸರ್ಕಾರ ಮೇಜರ್ ಕುರಿಯೋನನ್ನು ಕಳಿಸಿ ಹಳ್ಳದ ಹತ್ತಿರ ಹೆಂಡ, ಬಂದೂಕು, ಹೆಂಗಸರು ಯಾವುದೂ ಸುಳಿಯದಂತೆ ಮಾಡಿತು. ಆಗ ಅವೆಲ್ಲ ಹೋಗಿ ಸೇರಿದ್ದು ರಸ್ತೆಯ 30ನೇ ಕಿಲೋಮೀಟರ್ ಹತ್ತಿರ ಹುಟ್ಟಿಕೊಂಡ ಊರಿಗೆ. ಆ ಊರಿಗೂ ಕುರಿಯೋನ ಹೆಸರೇ ಬಂತು, ಕುರಿಯೋನೋಪೊಲಿಸ್ ಅಂತ. ನನ್ನ ಕತೆಯ ಊರು ಕಲ್ಪನೆಯದು, ಬುನಾದಿ ಮಾತ್ರ ಇದು.

ಮೊದಲು ಬರೆದ ಚಿತ್ರಕತೆಯಲ್ಲಿ ಏಳು ಕೊಲೆಗಳಿದ್ದವು. ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದ ಪಕ್ಕದ ಮನೆ ಮಾಮನಿಗೆ ಓದಿ ಹೇಳಿದೆ. ಬೀಡಿ ಆರಿಸಿ ಅಂದರು: ‘ಎಲ್ರೂ ಹೊಡೆದಾಡ್ಕೊಂಡು ಸತ್ರೆ ಮಣ್ಣು ಹೊರೋರು ಯಾರಪ್ಪಾ?’ ಸಿಟ್ಟು ಬಂತು. ರಾತ್ರಿ ಮಲಗಿದಾಗ ಸರಿ ಅನ್ನಿಸಿತು. ಪೊಲೀಸರಿಲ್ಲದ ಊರಲ್ಲೂ ಬೆಳಗಾದರೆ ಯಾರೋ ಕಾಫಿ ಕಾಸಬೇಕು, ಯಾರೋ ಸಾಲ ಬರೆದಿಡಬೇಕು, ಯಾರೋ ತೂಗಬೇಕು. ಹೆದರಿಕೆ ಇರೋದು ಅಲ್ಲಿ. ಕೊಲೆಗಳನ್ನು ಒಂದಕ್ಕೆ ಇಳಿಸಿದೆ, ಅದೂ ತೆರೆಯ ಮೇಲೆ ಕಾಣದು.

ಆಮೇಲೆ ಕಾಡಿನ ಸಮಸ್ಯೆ. ಕೋಲಾರ ಜಿಲ್ಲೆಯಲ್ಲಿ ಅಮೆಜಾನ್ ಎಲ್ಲಿಂದ ತರೋದು? ನೀಲಗಿರಿ ತೋಪಿನೊಳಗೆ ಹೋದರೆ ಮರಗಳ ಸಂದಿಯಲ್ಲಿ ಆಕಾಶವೇ ಆಕಾಶ. ಶ್ರೀನಿವಾಸಪುರದ ಮಾವಿನ ತೋಪು ನೋಡಿದೆ. ಸಾಲು ಹಿಡಿದು ನಿಂತ ಮರಗಳು, ಶಾಲೆಯ ಪ್ರಾರ್ಥನೆ ಥರ. ಕೊನೆಗೆ ಒಂದು ಕೆರೆಯ ಕೋಡಿ ಹತ್ತಿರ, ಹೊಂಗೆ, ಜಾಲಿ, ಲಂಟಾನ ಹೆಣೆದುಕೊಂಡ ಅರ್ಧ ಎಕರೆ ಸಿಕ್ಕಿತು. ಬಾಳೆಗಿಡ ಕಡಿದು ತಂದು ನೆಟ್ಟೆವು, ಮುಂದೆ ಕೆಸುವಿನೆಲೆ. ಕ್ಯಾಮೆರಾವನ್ನು ಎದೆಗಿಂತ ಮೇಲೆ ಎತ್ತಲಿಲ್ಲ. ಎತ್ತಿದರೆ ಹಿಂದಿನ ನೀಲಗಿರಿ ಕಾಣುತ್ತಿತ್ತು. ಮಳೆ ಬರಿಸಿದ್ದು ಮಾವಿಗೆ ಔಷಧಿ ಹೊಡೆಯುವ ಪಂಪಿನಿಂದ. ಹೊಸ ಪೈಪು ಹಾಕಿಸಿದೆ, ಔಷಧಿ ವಾಸನೆ ಇದ್ದರೆ ಹುಡುಗರು ಓಡಿಹೋಗುತ್ತಿದ್ದರು.

ಸೆರ್ರಾ ಪೆಲಾಡಾದ ಜನ ತಲೆಯಿಂದ ಕಾಲಿನವರೆಗೂ ಕೆಸರು. ನಮ್ಮ ಕೆಮ್ಮಣ್ಣು ಬಿಸಿಲಿಗೆ ಹತ್ತೇ ನಿಮಿಷದಲ್ಲಿ ಒಣಗಿ ಕುಂಕುಮದ ಹಾಗೆ ಉದುರುತ್ತೆ. ಅರ್ಧದಷ್ಟು ಕೆರೆ ಗೋಡು ಕಲಸಿದ ಮೇಲೆ ಮೈಗೆ ಹಿಡಿಯಿತು. ಮೂಟೆಗಳಿಗೆ ಮೊದಲ ದಿನ ಒಣಹುಲ್ಲು ತುಂಬಿದ್ದೆ. ಹುಡುಗರು ಎಷ್ಟು ನರಳಿದರೂ ಕಾಲು ಸುಳ್ಳು ಹೇಳುತ್ತಿತ್ತು. ಎರಡನೇ ದಿನ ತಳಕ್ಕೆ ಮರಳು ಹಾಕಿ ಒಂದೊಂದನ್ನು 15 ಕೆಜಿ ಮಾಡಿದೆ. ನರಳಾಟ ನಿಂತುಹೋಯಿತು, ನಡಿಗೆ ಬಂತು. ಏಣಿ ಮಾತ್ರ ಹನ್ನೆರಡೇ ಅಡಿ, ಸರ್ವೆ ಕಂಬದ್ದು. ಕೆಳಗೆ ಭತ್ತದ ಹುಲ್ಲು ಹಾಸಿದ್ದೆವು.

ಚಿನ್ನದ ವಿಷಯಕ್ಕೆ ಮಾಮ ಕೈಚೆಲ್ಲಿದರು. ‘ಮೂವತ್ತು ವರ್ಷ ಚಿನ್ನದ ಕಲ್ಲು ಒಡ್ದಿದೀನಿ ಕಣಪ್ಪಾ, ಚಿನ್ನ ನೋಡಿದ್ದು ಮಗಳ ಮದುವೇಲೇ.’ ನಿಜ. ನಮ್ಮದು ಹೆಚ್ಚಾಗಿ ಬಿಳಿಗಲ್ಲಿನ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದಂತೆ ಅಡಗಿದ್ದು. ಪುಡಿ ಮಾಡಿ ಸೈನೈಡಿನಲ್ಲಿ ಕರಗಿಸಿದರೆ ಕೈಗೆ ಬರುತ್ತಿತ್ತು. ಕಾಡಿನವರದು ಮಣ್ಣು ತೊಳೆದರೆ ಸಿಗುವ ಪುಡಿ. ಅದನ್ನು ಪಾದರಸ ಹಿಡಿದುಕೊಳ್ಳುತ್ತೆ, ಬಟ್ಟೆಯಲ್ಲಿ ಹಿಂಡಿ ಬೆಂಕಿಗಿಟ್ಟರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತೆ. ಆವಿ ಎದೆಗೂ ನದಿಗೂ ಮೀನಿಗೂ ಸೇರುತ್ತೆ. ನಮ್ಮ ವಿಷ ಗುಡ್ಡವಾಗಿ ಇಲ್ಲೇ ಕೂತಿದೆ, ಗಾಳಿ ಬೀಸಿದ ದಿನ ಮನೆಯೊಳಕ್ಕೂ ಬರುತ್ತೆ. ಶೂಟಿಂಗ್‌ಗೆ ನಿಜವಾದ ಪಾದರಸ ತರೋಣ ಅಂದ ಹುಡುಗನನ್ನು ಬೈದು, ಹೋಟೆಲಿನ ಬೆಳ್ಳಿಹಾಳೆ ಉಂಡೆ ಮಾಡಿಕೊಟ್ಟೆ. ಕ್ಯಾಮೆರಾಕ್ಕೆ ಅಷ್ಟು ಸಾಕು.

ಚಿನ್ನದ ಪುಡಿಯ ಬದಲು ಹಿತ್ತಾಳೆಗೆ ಅರ ಹಾಕಿದ ಪುಡಿ ತಂದೆ. ಬಾಣಲೆಯಲ್ಲಿ ಆಡಿಸಿದರೆ ಮರಳಿನ ಜೊತೆ ಅದೂ ಹೊರಟೇಹೋಯಿತು. ಬಂಗಾರಪೇಟೆಯ ಅಕ್ಕಸಾಲಿ ಆಚಾರ್ರು ನೋಡಿ ನಕ್ಕರು: ‘ಚಿನ್ನ ಕುಣಿಯಲ್ಲ, ಕೂರುತ್ತೆ.’ ಚಿನ್ನ ನೀರಿಗಿಂತ 19 ಪಟ್ಟು ಭಾರ, ಹಿತ್ತಾಳೆ 8 ಪಟ್ಟು ಚಿಲ್ಲರೆ. ಬಾಣಲೆಯ ತಳಕ್ಕೆ ಫೆವಿಕಾಲ್ ಸವರಿ ಒಂದು ಗೀಟು ಪುಡಿ ಅಂಟಿಸಿ, ಮೇಲೆ ಕಪ್ಪು ಮರಳು ಮುಚ್ಚಿ ಆಡಿಸಿದೆ. ಮರಳು ಹೋಯಿತು, ‘ಚಿನ್ನ’ ಕೂತಿತು.

ಇಡೀ ಚಿತ್ರ ನಿಂತಿರೋದು ಅದೇ ಆಚಾರ್ರು ಹೇಳಿದ ಇನ್ನೊಂದು ಮಾತಿನ ಮೇಲೆ. ತೂಕದ ದೃಶ್ಯದಲ್ಲಿ ವ್ಯಾಪಾರಿ ಬಟ್ಟು ಬದಲಾಯಿಸಿ ಮೋಸ ಮಾಡುತ್ತಾನೆ ಅಂತ ಬರೆದಿದ್ದೆ. ‘ಬಟ್ಟು ಎಲ್ರೂ ನೋಡ್ತಾರೆ. ಮೋಸ ಉಸಿರಲ್ಲಿ ಮಾಡ್ಬೇಕು’ ಅಂದರು. ಮರಳು ಊದಿ ತೆಗೆಯುವ ನೆಪದಲ್ಲಿ ವ್ಯಾಪಾರಿ ಉಫ್ ಅನ್ನುತ್ತಾನೆ, ನುಣ್ಣನೆ ಚಿನ್ನದ ಪುಡಿಯೂ ಹಾರಿ ಕೆಳಗಿನ ಕಂಬಳಿಯ ಮೇಲೆ ಬೀಳುತ್ತೆ, ರಾತ್ರಿ ಕಂಬಳಿ ಸುಟ್ಟರೆ ಬೂದಿಯಲ್ಲಿ ಅವನ ಲಾಭ. ಮೂಟೆ ಹೊತ್ತವನಿಗೆ ಗೊತ್ತು. ಬಾಯಿ ಬಿಡುವಂತಿಲ್ಲ, ಏಕೆಂದರೆ ಅವನ ಅಕ್ಕಿ ಸಾಲ ಇರುವುದೂ ಅದೇ ಅಂಗಡಿಯಲ್ಲಿ. ನಾಲ್ಕು ನಿಮಿಷ ಒಂದೇ ಶಾಟ್, ಸಂಗೀತವಿಲ್ಲ. ವ್ಯಾಪಾರಿಯ ಪಾತ್ರಕ್ಕೆ ಆಚಾರ್ರನ್ನೇ ಕೂರಿಸಿದೆ. ಸಂಭಾವನೆ ಎಂಟು ದಿನದ ಪಾನಿಪುರಿ. ಬಂಗಾರಪೇಟೆಯವರಿಗೆ ಬೇರೇನು ಕೊಟ್ಟರೂ ಅವಮಾನ.

ಒಂದು ಲೋಪ ಉಳಿದಿದೆ. ಬ್ರೆಜಿಲ್ ಕಾಡಿನಲ್ಲಿ ನವಿಲಿಲ್ಲ, ನಮ್ಮ ಕೋಡಿಯಲ್ಲಿ ಹಿಂಡುಗಟ್ಟಲೆ ಇವೆ. ಬೇರೆ ಕಡೆಯೆಲ್ಲ ಕೆರೆಯ ಕಪ್ಪೆ ಸದ್ದು ಹಾಕಿ ಮುಚ್ಚಿದೆ. 14ನೇ ನಿಮಿಷದಲ್ಲಿ ಮಾತ್ರ ಒಂದು ಕೂಗು ಕೇಳುತ್ತೆ, ಆಚಾರ್ರು ಊದುವ ಹೊತ್ತಿಗೆ ಸರಿಯಾಗಿ. ಅದನ್ನು ತೆಗೆಯಲು ಹೋದರೆ ಆ ಉಸಿರಿನ ಸದ್ದೂ ಹೋಗುತ್ತೆ. ಬಿಟ್ಟಿದ್ದೇನೆ.