ಓಪನ್ ಸೋರ್ಸ್ ಯೋಜನೆಯ ಬರಹಗಳಲ್ಲಿ ಕಂಪನಿಗೂ ಸಮುದಾಯಕ್ಕೂ ಜಾಗ ಹಂಚುವುದು ಹೇಗೆ?

ಓಪನ್ ಸೋರ್ಸ್ ಯೋಜನೆಯೊಂದರ, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ ಯೋಜನೆಯೊಂದರ, ಅಧಿಕೃತ ಬರಹಗಳಲ್ಲಿ ಕಂಪನಿಗಳ ದನಿಯೇ ಜೋರಾಗಿ ಕೇಳಿಸುವುದಕ್ಕೆ ಹೆಚ್ಚಿನ ಸಲ ಯಾರ ದುರುದ್ದೇಶವೂ ಕಾರಣವಲ್ಲ. ಕಂಪನಿಯಲ್ಲಿ ಬರೆಯುವುದಕ್ಕೆಂದೇ ಸಂಬಳ ಪಡೆಯುವವರಿರುತ್ತಾರೆ. ದಿನದ ದುಡಿಮೆ ಮುಗಿಸಿ, ಉಳಿದ ಹೊತ್ತಿನಲ್ಲಿ ದೋಷಗಳನ್ನು ಸರಿಪಡಿಸುವ ಸ್ವಯಂಸೇವಕರಿಗೆ ಅದರ ಬಗ್ಗೆ ನಾಲ್ಕು ಪುಟ ಬರೆಯುವಷ್ಟು ತ್ರಾಣ ಉಳಿದಿರುವುದಿಲ್ಲ. ಆದ್ದರಿಂದ ಕಂಪನಿಯ ಬರಹವನ್ನು ತಡೆಯುವುದಕ್ಕಿಂತ ಸಮುದಾಯದ ಬರಹವನ್ನು ಹೊರಡಿಸುವುದೇ ಇಲ್ಲಿನ ದೊಡ್ಡ ಕೆಲಸ.

ಹಾಗೆಂದು ನಿಯಮಗಳು ಬೇಡವೆಂದಲ್ಲ. ಬರಹಗಳನ್ನು ಆಯ್ಕೆ ಮಾಡುವ ಎಲ್ಲರೂ ಒಂದೇ ಕಂಪನಿಯವರಾಗಿದ್ದರೆ, ಅವರು ಎಷ್ಟೇ ನಿಷ್ಪಕ್ಷಪಾತಿಗಳಾಗಿದ್ದರೂ ಹೊರಗಿನವರಿಗೆ ನಂಬಿಕೆ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಯೋಜನೆಯನ್ನು ಮುನ್ನಡೆಸುವ ಕೋರ್ ತಂಡದಲ್ಲಿ ಒಂದೇ ಕಂಪನಿಯ ಉದ್ಯೋಗಿಗಳು ಅರ್ಧಕ್ಕಿಂತ ಹೆಚ್ಚಿರಬಾರದೆಂಬ ಅಲಿಖಿತ ಕಟ್ಟುಪಾಡು ಇತ್ತು. 2020ರಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಂಡುಕೊಂಡಾಗ ಆ ಮಿತಿ ಮೀರಿದ್ದರಿಂದ, ಬೇರೆಡೆ ಕೆಲಸ ಮಾಡುವ ಇಬ್ಬರನ್ನು ತಂಡಕ್ಕೆ ಸೇರಿಸಿಕೊಳ್ಳಲಾಯಿತು. ಸಂಪಾದನೆ ನೋಡಿಕೊಳ್ಳುವ ಸಣ್ಣ ತಂಡಕ್ಕೂ ಇದೇ ಲೆಕ್ಕವನ್ನು ಅನ್ವಯಿಸಿ, ಅದನ್ನು ಬರಹದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಬಂದ ಬರಹವನ್ನು ತೂಗಿ ನೋಡಲು ಒಂದು ಸರಳ ಉಪಾಯವಿದೆ: ಕಂಪನಿಯ ಹೆಸರನ್ನೂ ಅದರ ಉತ್ಪನ್ನದ ಹೆಸರನ್ನೂ ಅಳಿಸಿ ಓದಿ. ದೊಡ್ಡ ಡೇಟಾಬೇಸನ್ನು ಹೊಸ ಆವೃತ್ತಿಗೆ ಸಾಗಿಸುವಾಗ ಯಾವ ಇಂಡೆಕ್ಸ್ (ಮಾಹಿತಿಯನ್ನು ಬೇಗ ಹುಡುಕಿಕೊಡುವ ಸೂಚಿ) ಕೈಕೊಟ್ಟಿತು, ಅದನ್ನು ಹೇಗೆ ಪತ್ತೆಹಚ್ಚಿದರು ಎಂಬ ವಿವರ ಆಮೇಲೂ ಉಳಿದರೆ, ಬರೆದವರು ಯಾವ ಕಂಪನಿಯವರಾದರೂ ಪ್ರಕಟಿಸಬಹುದು. ಮೂರು ಪ್ಯಾರಾ ತೊಂದರೆಯನ್ನು ಬಣ್ಣಿಸಿ ನಾಲ್ಕನೆಯದರಲ್ಲಿ ತಮ್ಮ ಸೇವೆಯನ್ನು ಮುಂದಿಡುವ ಬರಹದಲ್ಲಿ ಹಾಗೆ ಉಳಿಯುವುದೇನೂ ಇರುವುದಿಲ್ಲ. ಹಲವು ಕಂಪ್ಯೂಟರುಗಳಲ್ಲಿ ತಂತ್ರಾಂಶಗಳನ್ನು ನಡೆಸಿ ನಿರ್ವಹಿಸುವ ಕುಬರ್ನೆಟಿಸ್ ಯೋಜನೆಯ ಮಾರ್ಗಸೂಚಿಯೂ ಮಾರಾಟಗಾರರ ಪ್ರಚಾರ ಬರಹಗಳನ್ನು ಒಪ್ಪುವುದಿಲ್ಲ. ಉಪಯುಕ್ತ ವಿವರವೂ ಪ್ರಚಾರವೂ ಬೆರೆತ ಬರಹಗಳು ಬಂದಾಗ ತಿರಸ್ಕರಿಸುವ ಬದಲು, ಅದೇ ಕೆಲಸವನ್ನು ಯೋಜನೆಯ ಉಚಿತ ಸಾಧನಗಳಿಂದ ಮಾಡುವ ಬಗೆಯನ್ನೂ ಸೇರಿಸುವಂತೆ ಕೇಳಬೇಕು. ನಿಜವಾಗಿ ಕೆಲಸ ಮಾಡಿದವರು ಸಂತೋಷದಿಂದ ಬರೆದುಕೊಡುತ್ತಾರೆ, ಉಳಿದವರು ಮರಳಿ ಬರುವುದಿಲ್ಲ.

ಲೇಖಕರು ಎಲ್ಲಿ ಉದ್ಯೋಗದಲ್ಲಿದ್ದಾರೆಂಬುದು ಮೊದಲ ಸಾಲಿನ ಹತ್ತಿರವೇ ಇರಲಿ, ಏಕೆಂದರೆ ಕೊನೆಯವರೆಗೆ ಓದುವವರು ಕಡಿಮೆ. ತಿಂಗಳಿಗೆ ಇಷ್ಟು ಕಂಪನಿಯದು, ಇಷ್ಟು ಸಮುದಾಯದ್ದು ಎಂಬ ಶೇಕಡಾವಾರು ಹಂಚಿಕೆಯ ಮೇಲೆ ನನಗೆ ಹೆಚ್ಚಿನ ಭರವಸೆಯಿಲ್ಲ. ಸಂಖ್ಯೆ ಸರಿದೂಗಿಸಲು ಜೊಳ್ಳು ಬರಹಗಳು ಹುಟ್ಟಿಕೊಳ್ಳುತ್ತವೆ. ಆದರೆ ಹೊಸ ಆವೃತ್ತಿ, ಭದ್ರತಾ ದೋಷ, ಪರವಾನಗಿಯ ಬದಲಾವಣೆ ಇವುಗಳ ಸುದ್ದಿ ಯಾವ ಕಂಪನಿಯ ಹೆಸರಿನಲ್ಲೂ ಬರದೆ ಯೋಜನೆಯ ಹೆಸರಿನಲ್ಲೇ ಬರಬೇಕು ಎಂಬುದರಲ್ಲಿ ರಾಜಿ ಸಲ್ಲದು.

ಇನ್ನು ಸ್ವಯಂಸೇವಕರ ವಿಷಯ. ‘ದಯವಿಟ್ಟು ಬರೆದುಕೊಡಿ’ ಎಂಬ ಬಹಿರಂಗ ಮನವಿಗೆ ಉತ್ತರ ಬರುವುದು ಅಪರೂಪ. ಅದರ ಬದಲು ಅವರೊಡನೆ ಅರ್ಧ ಗಂಟೆ ಮಾತಾಡಿ, ಏನು ಕೆಟ್ಟಿತ್ತು, ಯಾವ ಪರಿಹಾರವನ್ನು ಪ್ರಯತ್ನಿಸಿ ಕೈಬಿಟ್ಟಿರಿ, ಇನ್ನೂ ಏನು ಬಾಕಿಯಿದೆ ಎಂದು ಕೇಳಿ, ಸಂಪಾದಕರೇ ಕರಡು ಸಿದ್ಧಪಡಿಸಿ, ಅವರು ತಿದ್ದಿದ ಮೇಲೆ ಅವರ ಹೆಸರಿನಲ್ಲೇ ಪ್ರಕಟಿಸಬೇಕು. ಕೋಡ್ ಪರಿಶೀಲನೆಯ ಚರ್ಚೆಗಳಲ್ಲಿ ಅರ್ಧ ಲೇಖನ ಆಗಲೇ ಬರೆದಿರುತ್ತದೆ. ಹುಡುಕಿ ತೆಗೆಯುವವರು ಬೇಕಷ್ಟೆ. ಅನುವಾದಕರು, ಕೈಪಿಡಿ ಬರೆಯುವವರು, ಪರೀಕ್ಷಕರು ಕೋಡ್ ಬರೆದವರ ಪಟ್ಟಿಯಲ್ಲಿ ಕಾಣಿಸದ ಕಾರಣ, ಅವರನ್ನು ನೆನಪಿಟ್ಟು ಕೇಳಬೇಕಾಗುತ್ತದೆ.

ಈ ಕರಡು ಬರೆಯುವ ಶ್ರಮವನ್ನು ಕಂಪನಿಗಳಿಂದಲೇ ಪಡೆಯಬಹುದು. ತನ್ನ ಲೇಖನಕ್ಕೆ ಜಾಗ ಕೇಳಿ ಬರುವ ಕಂಪನಿಗೆ, ಅದರ ಸಂಬಳದ ಬರಹಗಾರರು ತಿಂಗಳಿಗೊಮ್ಮೆ ಯಾರಾದರೊಬ್ಬ ಸ್ವಯಂಸೇವಕರ ಕೆಲಸದ ಬಗ್ಗೆ ಕರಡು ತಯಾರಿಸಿಕೊಡಲಿ ಎಂದು ಕೇಳಿ ನೋಡಿ.