ಹುಣ್ಣಿಮೆ ರಾತ್ರಿ ತಿರುವಣ್ಣಾಮಲೈ ಬೆಟ್ಟ ಸುತ್ತುವ ಬಗೆ

ತಿರುವಣ್ಣಾಮಲೈಯಲ್ಲಿ ಬೆಟ್ಟವೇ ಲಿಂಗ. ಗುಡಿಯೊಳಗೆ ಪ್ರದಕ್ಷಿಣೆ ಹಾಕುವ ಹಾಗೆ ಅಲ್ಲಿ ಇಡೀ ಬೆಟ್ಟವನ್ನೇ ಸುತ್ತಿ ಬರುತ್ತಾರೆ. ತಮಿಳಿನಲ್ಲಿ ಇದಕ್ಕೆ ಗಿರಿವಲಂ ಅಂತಾರೆ. ಯಾವ ದಿನ ಬೇಕಾದರೂ ಸುತ್ತಬಹುದು, ಆದರೆ ಹುಣ್ಣಿಮೆಯ ಸುತ್ತು ವಿಶೇಷ. 14 ಕಿಲೋಮೀಟರ್, ಬರಿಗಾಲಲ್ಲಿ.

ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ದಿನವಿಡೀ ಮಷೀನಿನ ಮುಂದೆ ಕೂತು ಕೂತು ಕಾಲು ಮರಗಟ್ಟುತ್ತಿತ್ತು. ಪಕ್ಕದ ಮನೆಯ ತಮಿಳು ಅಕ್ಕ ಒಂದು ಹುಣ್ಣಿಮೆಗೆ "ಬಾಮ್ಮಾ ನನ್ನ ಜೊತೆ" ಅಂತ ಕರೆದುಕೊಂಡು ಹೋದರು. ಈಗ ಆರು ವರ್ಷದಿಂದ, ಆಗದ ತಿಂಗಳು ಬಿಟ್ಟರೆ, ಹೋಗುತ್ತಲೇ ಇದ್ದೇನೆ. ಹೊಸದಾಗಿ ಹೊರಡುವವರು ನನ್ನನ್ನು ಕೇಳುವುದೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ತಿಥಿ ನೋಡಿ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ನಮ್ಮ ಕ್ಯಾಲೆಂಡರಿನಲ್ಲಿ ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಅದನ್ನೇ ಆ ದಿನಕ್ಕೆ ಬರೆದಿರುತ್ತಾರೆ. ಹುಣ್ಣಿಮೆ ತಿಥಿ ಹಿಂದಿನ ಸಂಜೆಯೇ ಶುರುವಾಗಿ, ಕ್ಯಾಲೆಂಡರಿನ ದಿನ ಮಧ್ಯಾಹ್ನಕ್ಕೇ ಮುಗಿದಿರಬಹುದು. ಅಕ್ಕನಿಲ್ಲದೆ ನಾನೊಬ್ಬಳೇ ಹೋದ ಮೊದಲ ಸಲ ಹೀಗೇ ಆಯ್ತು. ಕ್ಯಾಲೆಂಡರ್ ನಂಬಿ ಒಂದು ರಾತ್ರಿ ತಡವಾಗಿ ಹೋದೆ. ಜನ ಸುತ್ತು ಮುಗಿಸಿ ಊರು ಸೇರಿದ್ದರು. ಅಂಗಡಿಗಳು ಮುಚ್ಚಿದ್ದವು, ಎಷ್ಟೋ ದೂರ ಕುಡಿಯುವ ನೀರೂ ಸಿಗಲಿಲ್ಲ. ಪ್ರತಿ ತಿಂಗಳು ದೇವಸ್ಥಾನದವರು ಗಿರಿವಲಂಗೆ ಒಳ್ಳೆಯ ಹೊತ್ತು ಯಾವುದು ಅಂತ ತಿಳಿಸುತ್ತಾರೆ. ಅದನ್ನು ನೋಡಿ, ಇಲ್ಲವೇ ಪಂಚಾಂಗದಲ್ಲಿ ತಿಥಿ ಶುರುವಾಗುವ, ಮುಗಿಯುವ ಗಂಟೆ ನೋಡಿಕೊಂಡು ರಜೆ ಹಾಕಿ.

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಹೊಸೂರು, ಕೃಷ್ಣಗಿರಿ, ಚೆಂಗಂ ದಾಟಿ ಹೋಗಬೇಕು. ಹುಣ್ಣಿಮೆಗೆ ಹೆಚ್ಚು ಬಸ್ಸು ಬಿಡುತ್ತಾರೆ, ಆದರೂ ಸೀಟು ಮೊದಲೇ ಹಿಡಿದಿಡಿ. ಆ ದಿನ ಬಸ್ಸುಗಳನ್ನು ಊರಾಚೆಯ ತಾತ್ಕಾಲಿಕ ನಿಲ್ದಾಣದಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ದೇವಸ್ಥಾನಕ್ಕೆ ನಡೆಯುವುದೂ ಲೆಕ್ಕದಲ್ಲಿರಲಿ. ವಾಪಸ್ ಬಸ್ಸು ಎಲ್ಲಿಂದ ಹೊರಡುತ್ತದೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಬೆಳಗಿನ ಜಾವ ಮೂರು ಗಂಟೆಗೆ, ಕಾಲು ನೋಯುತ್ತಿರುವಾಗ, ಬಸ್ಸು ಹುಡುಕುವುದು ಬಹಳ ಕಷ್ಟ.

ಚೀಲ ಹಗುರವಾಗಿರಲಿ. ಒಂದು ನೀರಿನ ಬಾಟಲಿ, ಟವೆಲ್, ಸ್ವಲ್ಪ ಕರ್ಪೂರ, ಐದು ಹತ್ತು ರೂಪಾಯಿಯ ಚಿಲ್ಲರೆ. ದಾರಿಯುದ್ದಕ್ಕೂ ಸಾಧುಗಳು ಕೂತಿರುತ್ತಾರೆ, ಚಿಲ್ಲರೆ ಅವರಿಗೆ. ಚಪ್ಪಲಿ ಎಲ್ಲೂ ಬಿಡಬೇಡಿ, ಕವರಿನಲ್ಲಿ ಕಟ್ಟಿ ಚೀಲದಲ್ಲೇ ಇಟ್ಟುಕೊಳ್ಳಿ. ಸಂಜೆ ಹೊಟ್ಟೆ ಬಿರಿಯ ತಿನ್ನಬೇಡಿ. ನಾನು ಮನೆಯಿಂದ ತಂದ ಮೊಸರನ್ನ ಬಸ್ಸಿನಲ್ಲೇ ತಿಂದು ಮುಗಿಸುತ್ತೇನೆ. ಅಕ್ಕ ಚಂದ್ರ ಕಾಣುವವರೆಗೆ ಹಾಲು ಹಣ್ಣಿನಲ್ಲೇ ಇರುತ್ತಾರೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿದ್ದರೆ ಕಲ್ಲು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಚಿಕ್ಕ ಗಾಯವೇ ದೊಡ್ಡದಾಗುತ್ತದೆ. ಡಾಕ್ಟರನ್ನು ಕೇಳದೆ ಬರಿಗಾಲಲ್ಲಿ ಹೊರಡಬೇಡಿ. ದಪ್ಪ ಸಾಕ್ಸ್ ಹಾಕಿಕೊಂಡು ನಡೆಯುವವರು ಎಷ್ಟೋ ಜನ ಇದ್ದಾರೆ. ಆಟೋದಲ್ಲಿ ಸುತ್ತುವವರೂ ಇದ್ದಾರೆ. ಅವರ ಭಕ್ತಿ ನಮ್ಮದಕ್ಕಿಂತ ಕಮ್ಮಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಶುರು ಮಾಡುವುದು ಪೂರ್ವದ ರಾಜಗೋಪುರದ ಮುಂದೆ. ತಲೆ ಎತ್ತಿ ನೋಡಿ. 11 ನೆಲೆ, 217 ಅಡಿ. ಕಟ್ಟಿಸಲು ಶುರು ಮಾಡಿದವನು ನಮ್ಮ ಕೃಷ್ಣದೇವರಾಯ, ಮುಗಿಸಿದವನು ತಂಜಾವೂರಿನ ಸೇವಪ್ಪ ನಾಯಕ. ಅಲ್ಲೇ ಜೋಡಿ ಗಣಪ ಇದ್ದಾನೆ, ಇರಟ್ಟೈ ಪಿಳ್ಳೈಯಾರ್ ಅಂತಾರೆ. ಅವನಿಗೆ ಕೈಮುಗಿದು, ಗೋಪುರದ ಮುಂದೆ ಕರ್ಪೂರ ಹಚ್ಚಿ ಹೊರಡಿ. ಒಳಗೆ ದರ್ಶನ ಮಾಡಿಯೇ ಹೊರಡುತ್ತೇನೆ ಅಂದರೆ ಹುಣ್ಣಿಮೆ ದಿನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತೇ ಕಾಲು ಸೋಲುತ್ತದೆ. ನಾನು ಗೋಪುರಕ್ಕೆ ನಮಸ್ಕಾರ ಮಾಡಿ ನಡೆಯಲು ಶುರು ಮಾಡುತ್ತೇನೆ. ಒಳಗಿನ ದರ್ಶನಕ್ಕೆ ಬೇರೆ ದಿನ ಬರುತ್ತೇನೆ.

ಆ ಗುಡಿಯೊಳಗೆ ಬಲ್ಲಾಳ ಗೋಪುರ ಅಂತ ಒಂದಿದೆ, ತಮಿಳರು ವಲ್ಲಾಳ ಅಂತಾರೆ. ಹೊಯ್ಸಳ ದೊರೆ ಮೂರನೆಯ ವೀರಬಲ್ಲಾಳನ ಹೆಸರಿನದು. ದೋರಸಮುದ್ರ ದೆಹಲಿ ಸೈನ್ಯದ ದಾಳಿಗೆ ಸಿಕ್ಕ ಮೇಲೆ ಅವನು ತಿರುವಣ್ಣಾಮಲೈಯಿಂದಲೇ ಆಳಿದ. ಅವನಿಗೆ ಮಕ್ಕಳಿರಲಿಲ್ಲ, ಆ ಗುಡಿಯ ಶಿವ ಅಣ್ಣಾಮಲೈಯಾರೇ ಮಗನಾಗಿ ಬಂದ ಅಂತ ಅಲ್ಲಿನ ಜನ ಹೇಳುತ್ತಾರೆ. ಅದಕ್ಕೇ ಇವತ್ತಿಗೂ ಪ್ರತಿ ವರ್ಷ ತಮಿಳರ ಮಾಸಿ ತಿಂಗಳ ಮಖಾ ನಕ್ಷತ್ರದ ದಿನ ದೇವರ ಉತ್ಸವಮೂರ್ತಿ ಪಳ್ಳಿಕೊಂಡಾಪಟ್ಟಿನ ಹೊಳೆ ದಂಡೆಗೆ ಹೋಗಿ, ಬಲ್ಲಾಳ ಮಹಾರಾಜನಿಗೆ ಮಗನ ಸ್ಥಾನದಲ್ಲಿ ತಿಥಿ ಮಾಡಿ ಬರುತ್ತದೆ. ಇದನ್ನು ಅಕ್ಕ ಮೊದಲ ಸಲ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ಕನ್ನಡದ ದೊರೆಗೆ ತಮಿಳುನಾಡಿನ ದೇವರು ಎಳ್ಳುನೀರು ಬಿಡುತ್ತಾನಲ್ಲ!

ನಡೆಯುವಾಗ ಬೆಟ್ಟ ಸದಾ ನಿಮ್ಮ ಬಲಕ್ಕಿರಬೇಕು. ನೀವು ರಸ್ತೆಯ ಎಡಬದಿಯಲ್ಲಿ ನಡೆಯಬೇಕು. ಬೆಟ್ಟದ ಕಡೆಯ ಬದಿ ಕಣ್ಣಿಗೆ ಕಾಣದೆ ಸುತ್ತುವ ಸಿದ್ಧರಿಗೆ, ದೇವತೆಗಳಿಗೆ ಬಿಟ್ಟದ್ದು. ದಾರಿಯಲ್ಲಿ ಎಂಟು ದಿಕ್ಕಿಗೆ ಎಂಟು ಲಿಂಗ. ಇಂದ್ರ, ಅಗ್ನಿ, ಯಮ, ನಿರುತಿ, ವರುಣ, ವಾಯು, ಕುಬೇರ, ಈಶಾನ್ಯ. ಕುಬೇರ ಲಿಂಗದ ಮುಂದೆ ಸಾಲು ಉದ್ದ. ಬೇರೆ ಕಡೆ ಹೊರಗಿನಿಂದಲೇ ಕೈಮುಗಿದು ಮುಂದೆ ಹೋಗಬಹುದು.

ಇನ್ನು ವೇಗದ ಮಾತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ರಮಣ ಮಹರ್ಷಿಗಳು 1896ರಲ್ಲಿ ಈ ಊರಿಗೆ ಬಂದವರು 1950ರಲ್ಲಿ ತೀರಿಕೊಳ್ಳುವವರೆಗೆ ಬಿಟ್ಟು ಹೋಗಲಿಲ್ಲ. ತುಂಬು ಗರ್ಭಿಣಿ ರಾಣಿ ನಡೆಯುವ ಹಾಗೆ ಮೆಲ್ಲಗೆ ಸುತ್ತಬೇಕು ಅನ್ನುತ್ತಿದ್ದರಂತೆ. ಮೊದಲ ಸಲ ನಾನು ರಮಣಾಶ್ರಮದವರೆಗೆ ದಡದಡ ನಡೆದೆ. ಯಮ ಲಿಂಗ ಬರುವಷ್ಟರಲ್ಲಿ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಗೋಲಿ ಗಾತ್ರದ ಬೊಬ್ಬೆ. ಅಕ್ಕ ಕಟ್ಟೆಯ ಮೇಲೆ ಕೂರಿಸಿ, ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀರು ಹಾಕಿ ಮಣ್ಣು ತೊಳೆದರು. ಬೊಬ್ಬೆ ಒಡೆಯಲಿಲ್ಲ. ಸೆರಗಿನ ತುದಿಯಿಂದ ಒತ್ತಿ ಒರೆಸಿ, ಕರವಸ್ತ್ರ ಮಡಿಸಿ ಸುತ್ತಿದರು. "ಮೆದುವಾ ನಡಮ್ಮಾ, ಬೆಟ್ಟ ಎಲ್ಲೂ ಓಡಿ ಹೋಗಲ್ಲ" ಅಂದರು. ಮೆದುವಾ ಅಂದರೆ ಮೆಲ್ಲಗೆ. ಅಲ್ಲಿಂದ ಮುಂದೆ ಅವರ ಹೆಜ್ಜೆಗೆ ಹೆಜ್ಜೆ ಹಾಕಿದೆ, ಕೊನೆಯವರೆಗೂ ನಡೆದೆ.

ಹಾಗಾಗಿ ಒಂದು ಸುತ್ತಿಗೆ ಐದು ಗಂಟೆ ಹೊತ್ತು ಇಟ್ಟುಕೊಳ್ಳಿ. ಪಾದ ಪೂರ್ತಿ ಊರಿ ನಡೆಯಿರಿ. ಬೇಸಿಗೆಯಲ್ಲಿ ಸಂಜೆ ಏಳರ ಮೊದಲು ಹೊರಡಬೇಡಿ, ಟಾರು ಕಾದಿರುತ್ತದೆ. ಚಿತ್ರಾ ಪೌರ್ಣಮಿಗೆ, ಕಾರ್ತಿಕ ದೀಪಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮೊದಲ ಸಲಕ್ಕೆ ಆ ಎರಡೂ ಬೇಡ, ಸಾದಾ ತಿಂಗಳ ಹುಣ್ಣಿಮೆ ಆರಿಸಿಕೊಳ್ಳಿ.

ಚೆಂಗಂ ರಸ್ತೆ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಊರಿನ ಗದ್ದಲ ಹಿಂದೆ ಬೀಳುತ್ತದೆ. ಸ್ಪೀಕರಿನ ಹಾಡು ದೂರವಾಗಿ "ಅಣ್ಣಾಮಲೈಯಾನುಕ್ಕು ಅರೋಹರಾ" ಅನ್ನುವುದು ಮಾತ್ರ ಆಗಾಗ ಕೇಳುತ್ತದೆ. ಇಲ್ಲಿ ಮಾತು ನಿಲ್ಲಿಸಿ, ಫೋನು ಒಳಗಿಡಿ. ಬೆಟ್ಟ ಒಂದೊಂದು ಕಡೆಯಿಂದ ಒಂದೊಂದು ಥರ ಕಾಣುತ್ತದೆ. ಒಂದು ಕಡೆ ಒಂದೇ ಶಿಖರ, ಇನ್ನೊಂದು ಕಡೆ ಐದು. ಬೆಳದಿಂಗಳಲ್ಲಿ ಬಂಡೆಗಳು ವಿಭೂತಿ ಹಚ್ಚಿಕೊಂಡ ಹಾಗಿರುತ್ತವೆ. ಕಾಲು ಸೋತರೆ ಸುಕ್ಕು ಕಾಪಿ ಕುಡಿಯಿರಿ. ಶುಂಠಿ, ಬೆಲ್ಲ ಹಾಕಿರುತ್ತಾರೆ. ಅನ್ನದಾನದ ಸಾಲು ಸಿಕ್ಕರೆ ಸಂಕೋಚಪಡದೆ ಒಂದು ತುತ್ತಾದರೂ ತಿನ್ನಿ.

ಕುಬೇರ ಲಿಂಗ ದಾಟಿದರೆ ಇಡುಕ್ಕು ಪಿಳ್ಳೈಯಾರ್. ಚಿಕ್ಕ ಕಲ್ಲಿನ ಗುಡಿ. ಹಿಂದಿನ ಕಂಡಿಯಿಂದ ನುಸುಳಿ ಮುಂದೆ ಬರಬೇಕು. ನೋಡಿದರೆ ಮಗು ಮಾತ್ರ ಹೋಗಬಹುದು ಅನ್ನಿಸುತ್ತದೆ. ಚೀಲ ಜೊತೆಯವರ ಕೈಗೆ ಕೊಡಿ. ಒಂದು ಮಗ್ಗುಲಿಗೆ ಒರಗಿ, ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಭುಜ. ಉಸಿರು ಬಿಟ್ಟು ಮೈ ಸಡಿಲ ಮಾಡಿ. ಬಿಗಿ ಹಿಡಿದರೆ ಸಿಕ್ಕಿಕೊಳ್ಳುತ್ತೀರಿ. ಕೆನ್ನೆಗೆ ತಣ್ಣಗಿನ ಕಲ್ಲು ತಾಗುತ್ತದೆ, ಸಾವಿರಾರು ಜನ ಸವರಿ ಸವರಿ ನುಣುಪಾದ ಕಲ್ಲು. ಆಚೆ ಕಡೆಯಿಂದ ಯಾರೋ ಗುರುತಿಲ್ಲದವರು ಕೈ ಹಿಡಿದು ಎಳೆಯುತ್ತಾರೆ. ಭಯ ಆದರೆ ಬೇಡ, ಹೊರಗಿನಿಂದ ಕೈಮುಗಿದರೆ ಸಾಕು.

ಈಶಾನ್ಯ ಲಿಂಗ ದಾಟಿ ಮತ್ತೆ ರಾಜಗೋಪುರದ ಮುಂದೆ ಬಂದು ನಿಂತರೆ ಸುತ್ತು ಮುಗಿಯಿತು. ಆದ ಕೂಡಲೇ ಸ್ನಾನ ಮಾಡಬಾರದು, ಮಲಗಬಾರದು ಅಂತ ಅಕ್ಕ ಹೇಳುತ್ತಾರೆ. ಗೋಪುರದ ಎದುರು ಸ್ವಲ್ಪ ಹೊತ್ತು ಕೂತು ಕಾಲು ಚಾಚಿಕೊಳ್ಳಿ. ಮನೆ ಸೇರಿದ ಮೇಲೆ ಬಕೆಟ್ಟಿನಲ್ಲಿ ಬೆಚ್ಚಗಿನ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಕಾಲು ಅದ್ದಿಡಿ. ಆಮೇಲೆ ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಮಾರನೇ ದಿನ ನಾನು ಮಷೀನು ತುಳಿಯುವುದಿಲ್ಲ. ಗುಂಡಿ ಹಾಕುವ, ಹೆಮ್ಮಿಂಗ್ ಮಾಡುವ ಕೈಕೆಲಸವನ್ನೆಲ್ಲ ಆ ದಿನಕ್ಕೇ ಎತ್ತಿಟ್ಟಿರುತ್ತೇನೆ.