ಹಳೇ ಕಾರ್ ಕಿಟ್ ಹೋಲಿಸುವ ಮೊದಲು ವೀಲ್‌ಬೇಸ್ ಅಳೆಯಿರಿ
ಒಂದೇ ಕಾರಿನ ಹಳೇ ಪ್ಲಾಸ್ಟಿಕ್ ಕಿಟ್ (ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ಮಾದರಿ) ಎರಡು ಕಂಪನಿಯದ್ದು ಕೈಯಲ್ಲಿದ್ದರೆ, ಯಾವುದರ ಆಕಾರ ಸರಿ ಅಂತ ನೋಡುವ ಮೊದಲು ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಳೆಯಿರಿ. ಚಾಸಿಯಲ್ಲಿ (ಕಾರಿನ ತಳದ ಚೌಕಟ್ಟು) ಮುಂದಿನ ಆಕ್ಸಲ್ ತೂತಿನ ನಡುವಿನಿಂದ ಹಿಂದಿನ ತೂತಿನ ನಡುವಿಗೆ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ನಿಜವಾದ ಕಾರಿನ ವೀಲ್‌ಬೇಸನ್ನು ಆ ಅಳತೆಯಿಂದ ಭಾಗಿಸಿದರೆ ಕಿಟ್‌ನ ಅಸಲಿ ಸ್ಕೇಲ್, ಅಂದರೆ ನಿಜವಾದ ಕಾರಿಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವುದು, ಸಿಗುತ್ತದೆ. ಒಟ್ಟು ಉದ್ದ ನಂಬಬೇಡಿ, ಬಂಪರ್ ಕೂರುವ ರೀತಿಯಲ್ಲೇ ಒಂದೆರಡು ಮಿ.ಮೀ. ಆಚೀಚೆ ಆಗುತ್ತದೆ. 1957ರ ಷೆವ್ರೊಲೆ ಬೆಲ್ ಏರ್ ತಗೊಳ್ಳಿ: ವೀಲ್‌ಬೇಸ್ 115 ಇಂಚು, ಅಂದರೆ 2921 ಮಿ.ಮೀ. 1/25 ಕಿಟ್ ಆದರೆ 117 ಮಿ.ಮೀ. ಹತ್ತಿರ, 1/24 ಆದರೆ 122 ಹತ್ತಿರ ಬರಬೇಕು. ಕಿಟ್ ಕಂಪನಿಗಳಲ್ಲಿ ಎಎಂಟಿಯವು ಹೆಚ್ಚಾಗಿ 1/25, ಮಾನೋಗ್ರಾಮ್‌ನವು ಹೆಚ್ಚಾಗಿ 1/24, ರೆವೆಲ್ ಎರಡರಲ್ಲೂ ಉಂಟು. ಈ ಐದು ಮಿ.ಮೀ. ಗಮನಿಸದೆ ಪಕ್ಕಪಕ್ಕ ಇಟ್ಟರೆ ಒಂದು ಸಪೂರ, ಇನ್ನೊಂದು ದಡೂತಿ ಅನ್ನಿಸುತ್ತದೆ. ಸುಮ್ನೆ ಒಳ್ಳೆ ಅಚ್ಚಿಗೆ ಕೆಟ್ಟ ಹೆಸರು, ಅಲ್ವಾ? ಮುಂದಿನ ಚಕ್ರಕ್ಕೆ ನೇರ ಆಕ್ಸಲ್ ಇಲ್ಲದಿದ್ದರೆ ಬಾಡಿಯ ಚಕ್ರದ ಕಮಾನುಗಳ ನಡುವಿನಿಂದ ಅಳೆಯಬಹುದು, ಆದರೆ ಅಷ್ಟು ನಿಖರ ಬರುವುದಿಲ್ಲ. ಚಕ್ರ ಮುಂದಕ್ಕೆ ಸರಿಸಿದ ಡ್ರ್ಯಾಗ್ ರೇಸಿಂಗ್ ಕಾರುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಒಳಗೆ ಮೋಟಾರ್, ಬ್ಯಾಟರಿ ಕೂರಿಸಲು ಅಳತೆ ಬದಲಿಸಿದ ಹಳೇ ಕಿಟ್‌ಗಳಿಗೂ ಅಷ್ಟೆ. ನಮ್ಮ ಮಂಗಳೂರು ಕಡೆ ಇನ್ನೊಂದು ತೊಂದರೆ: ಹೆಂಚಿನ ಮಾಡಿನ ಅಟ್ಟದಲ್ಲಿ ಹಲವು ಬೇಸಿಗೆ ಕಳೆದ ಚಾಸಿ ಸೊಟ್ಟಗಾಗಿರಬಹುದು. ಮೊದಲು ಗಾಜಿನ ಮೇಲಿಟ್ಟು ನೋಡಿ. ನಾಲ್ಕು ಮೂಲೆಯೂ ಕೂತರೆ ಮಾತ್ರ ಅಳೆಯಿರಿ.